ಕಾರಿನ ಕೀ ಕೊಟ್ಟವರು ಯಾರು, ದಂಡ ಕಟ್ಟುವವರು ಯಾರು?

ಮನೆಗೆಲಸದವರ ಕೈಗೆ ಕಾರಿನ ಕೀ ಕೊಟ್ಟು ಕಳಿಸಿದ್ದು ನೀವು. ಕಾರು ಎಲ್ಲೋ ಗುದ್ದಿತು. ಈಗ ರಿಪೇರಿ ದುಡ್ಡನ್ನು ಅವರ ಸಂಬಳದಲ್ಲಿ ಮುರಿದುಕೊಳ್ಳುವುದು ತಪ್ಪು. ಇವತ್ತು ನಾನು ಹೇಳಬೇಕಾಗಿರುವುದು ಇದನ್ನೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಮ್ಮ ದಾವಣಗೆರೆಯಲ್ಲಿ ಒಳ್ಳೆಯ ಮನೆತನದವರು ಅನ್ನಿಸಿಕೊಂಡವರೇ ಹೀಗೆ ಮಾಡುತ್ತಾರೆ. ಅದೇ ನ್ಯಾಯ ಅಂತಲೂ ನಂಬಿರುತ್ತಾರೆ.

ವಿದ್ಯಾನಗರದ ಕಡೆಯ ಒಂದು ಮನೆ. ಮದುವೆ ಓಡಾಟಕ್ಕೆ ಅಂತ ಚಿತ್ರದುರ್ಗದ ಭಾವನ ಕಾರು ತರಿಸಿಕೊಂಡಿದ್ದರು. ಕೆಲಸದ ಹುಡುಗ ಜಗಳೂರು ಕಡೆಯವನು. ಹಾಲು ತರುವುದು, ಸಿಲಿಂಡರ್ ಹೊರುವುದು, ಗಿಡಕ್ಕೆ ನೀರು ಬಿಡುವುದು, ಎಲ್ಲ ಅವನೇ. ಲೈಸೆನ್ಸ್ ಇತ್ತು. ಆದರೆ ಡ್ರೈವರ್ ಅಂತ ಸೇರಿದವನಲ್ಲ, ಡ್ರೈವರ್ ಸಂಬಳವೂ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ "ಆನಗೋಡಿಗೆ ಹೋಗಿ ಅತ್ತೆಯವರನ್ನು ಕರ್ಕೊಂಡು ಬಾ" ಅಂದರು. ಹೋದ. ಸರ್ವಿಸ್ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹಾಕಿದ್ದರು. ಯಾರೂ ಗಾಡಿ ಹತ್ತಿಸದಿರಲಿ ಅಂತ ಅಂಚಿಗೆ ದಪ್ಪ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಎದುರಿಗೆ ಬೈಕ್ ಬಂತು. ಇವನು ಸ್ಟೇರಿಂಗ್ ಎಳೆದ. ಬೈಕಿಗೂ ತಾಗಿತು, ಕಾರು ಹೋಗಿ ಕಲ್ಲಿಗೂ ಹೊಡೆಯಿತು. ಬೈಕಿನವರ ಕೈ ಮುರಿಯಿತು.

ಮಾರನೇ ದಿನ ಗ್ಯಾರೇಜಿನ ಎಸ್ಟಿಮೇಟ್ ಹಾಳೆ ಬಂತು. ಬಂಪರ್, ಹೆಡ್‌ಲೈಟ್, ರೇಡಿಯೇಟರ್, ಟಿಂಕರಿಂಗ್, ಪೇಂಟಿಂಗ್. ಯಜಮಾನರು ಅದನ್ನು ಹುಡುಗನ ಮುಂದೆ ಹಿಡಿದು, "ತಿಂಗಳಿಗೆ ಮೂರು ಸಾವಿರ ಮುರ್ಕೊಳ್ತೀನಿ. ತೀರೋವರೆಗೂ ಬೇರೆ ಕಡೆ ಹೋಗೋ ಹಾಗಿಲ್ಲ" ಅಂದರು. ಅವನು "ಆಗ್ಲಿ ಯಜಮಾನ್ರೇ" ಅಂದ. ಅವನ ಹಣೆ ಊದಿತ್ತು. ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ.

"ತೀರೋವರೆಗೂ ಹೋಗೋ ಹಾಗಿಲ್ಲ" ಅನ್ನುವ ಮಾತಿದೆಯಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಸಾಲ ತೋರಿಸಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು ನಮ್ಮ ಹಿರಿಯರು ಜೀತ ಅನ್ನುತ್ತಿದ್ದರು. ದೇಶದಲ್ಲಿ ಅದನ್ನು ಕಾನೂನು ಮಾಡಿ ರದ್ದು ಮಾಡಿದ್ದು 1976ರಲ್ಲಿ. ಮನೆ ಮುಂದೆ ಕಾರು ನಿಂತಿದೆ ಅಂದ ಮಾತ್ರಕ್ಕೆ ಅದು ಬೇರೆ ಏನೋ ಆಗಿಬಿಡುವುದಿಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಕೈ ಮುರಿದುಕೊಂಡ ಬೈಕಿನವರು ಅಪಘಾತದ ಪರಿಹಾರ ತೀರ್ಮಾನಿಸುವ ಕ್ಲೇಮ್ ಟ್ರಿಬ್ಯೂನಲ್‌ಗೆ ಹೋದರೆ ಪರಿಹಾರದ ಹೊಣೆ ಬರುವುದು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಯಾರ ಹೆಸರಿನಲ್ಲಿದೆಯೋ ಅವರ ಮೇಲೆ, ಅವರ ಇನ್ಶೂರೆನ್ಸ್ ಮೇಲೆ. ಅಂದರೆ ಚಿತ್ರದುರ್ಗದ ಭಾವನ ಮೇಲೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದೇ ಇದಕ್ಕೆ. ಪಾಲಿಸಿ ಚಾಲ್ತಿಯಲ್ಲಿದ್ದು, ಓಡಿಸಿದವನ ಹತ್ತಿರ ಸರಿಯಾದ ಲೈಸೆನ್ಸ್ ಇದ್ದರೆ ಕಂಪನಿ ಕಟ್ಟುತ್ತದೆ. ಸ್ಟೇರಿಂಗ್ ಹಿಡಿದವನು ಮನೆ ಮಗನೋ ಕೆಲಸದವನೋ ಅಂತ ಪಾಲಿಸಿ ನೋಡುವುದಿಲ್ಲ.

ಕಾರಿನ ರಿಪೇರಿಯೂ ಹಾಗೇ. ಸ್ವಂತ ಕಾರಿನ ಹಾನಿಯನ್ನೂ ಭರಿಸುವ ಕಾಂಪ್ರೆಹೆನ್ಸಿವ್ ಪಾಲಿಸಿ ಇದ್ದರೆ ಹೆಚ್ಚಿನ ಪಾಲು ಕಂಪನಿಯದ್ದು. ಕೈಯಿಂದ ಹೋಗುವುದು ಮೂರು ಕಡೆ. ಒಂದು, ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ಕಳೆಯುವ ಮೊತ್ತ. 1500 ಸಿಸಿವರೆಗಿನ ಕಾರಿಗೆ ಅದು 1,000 ರೂಪಾಯಿ. ಇನ್ನೊಂದು ಸವಕಳಿ, ಅಂದರೆ ಭಾಗಗಳು ಹಳೆಯದಾಗಿವೆ ಅಂತ ಮಾಡುವ ಕಡಿತ. ಆ ಕಡಿತ ಬೇಡ ಅಂತ ಸೇರಿಸಿಕೊಳ್ಳುವ ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ಮಾತ್ರ ಸಿಗುತ್ತದೆ, ಬಂಪರ್ ಅಂದರೆ ಪ್ಲಾಸ್ಟಿಕ್ಕೇ. ಗಾಜಿಗೆ ಕಡಿತ ಇಲ್ಲ. ಮೂರನೆಯದು ಎಲ್ಲರೂ ಮರೆಯುವ ನೋ ಕ್ಲೇಮ್ ಬೋನಸ್. ಐದು ವರ್ಷ ಕ್ಲೇಮ್ ಮಾಡದೇ ಇದ್ದವರಿಗೆ ಸ್ವಂತ ಕಾರಿನ ಹಾನಿಯ ಪ್ರೀಮಿಯಂನಲ್ಲಿ 50% ರಿಯಾಯಿತಿ ಇರುತ್ತದೆ. ಒಂದು ಕ್ಲೇಮ್ ಹಾಕಿದರೆ ಮುಂದಿನ ರಿನ್ಯೂವಲ್‌ಗೆ ಅದು ಹೋಯಿತು. ಆಮೇಲೆ ಕ್ಲೇಮ್ ಇಲ್ಲದ ಒಂದು ವರ್ಷ ಕಳೆದರೆ ಮತ್ತೆ 20%ರಿಂದ ಶುರು.

ಈ ಮೂರನ್ನೂ ಕಟ್ಟಬೇಕಾದವರು ಕಾರು ಎರವಲು ತಂದ ಮನೆಯವರು. ಭಾವ ಬಾಯಿಬಿಟ್ಟು ಕೇಳುವುದಿಲ್ಲ, ಸಂಬಂಧ ಕೆಡುತ್ತದೆ ಅಂತ ಸುಮ್ನೆ ಇರುತ್ತಾರೆ. ಅವರು ಕೇಳದಿದ್ದರೂ ಇವರಾಗಿಯೇ ಹೋಗಿ, "ಭಾವ, ಮುಂದಿನ ವರ್ಷ ನಿಮ್ಮ ಪ್ರೀಮಿಯಂ ಎಷ್ಟು ಜಾಸ್ತಿ ಆಗುತ್ತೋ ಅದು ನನ್ನದು" ಅನ್ನಬೇಕು. ಕೆಲಸ ಯಾರದ್ದು? ಅತ್ತೆಯನ್ನು ಕರೆತರುವ ಕೆಲಸ ಮನೆಯವರದ್ದು. ಲಾಭ ಮನೆಗೆ, ನಷ್ಟ ಹುಡುಗನಿಗೆ ಅಂದರೆ ಹೇಗೆ?

"ಹಾಗಾದ್ರೆ ಅವನು ಹೇಗೆ ಬೇಕಾದ್ರೂ ಓಡಿಸಬಹುದಾ?" ಅಂತ ಕೇಳುವವರಿದ್ದಾರೆ. ಕುಡಿದು ಓಡಿಸಿದರೆ, ಹೇಳದೆ ಕೀ ಎತ್ತಿಕೊಂಡು ಹೋದರೆ ಅದು ಬೇರೆ ಮಾತು. ಪೊಲೀಸರು ನೋಡಿಕೊಳ್ಳುತ್ತಾರೆ, ಕೆಲಸದಿಂದ ಬಿಡಿಸುವ ಹಕ್ಕೂ ನಿಮಗಿದೆ. ಆದರೆ ಕತ್ತಲಲ್ಲಿ, ಕಲ್ಲಿಟ್ಟ ರಸ್ತೆಯಲ್ಲಿ ಒಂದು ಕ್ಷಣ ಲೆಕ್ಕ ತಪ್ಪಿದ್ದು ಯಾರಿಗೂ ಆಗಬಹುದು. ಅದೇ ಕಾರನ್ನು ಸ್ವಂತ ಮಗ ಗುದ್ದಿದ್ದರೆ "ಹೋಗ್ಲಿ ಬಿಡು, ನಿನಗೇನೂ ಆಗ್ಲಿಲ್ವಲ್ಲ" ಅನ್ನುತ್ತಿದ್ದರು, ಅಲ್ವಾ?

ಲೈಸೆನ್ಸ್ ಇಲ್ಲದವರಿಗೆ ಕೀ ಕೊಟ್ಟಿದ್ದರಂತೂ ಮಾತೇ ಬೇಡ. ಓಡಿಸಿದವನಿಗೆ ದಂಡ 5,000. ಕೊಟ್ಟವರಿಗೂ 5,000, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಇಲ್ಲಿ ಮಾಲೀಕರು ಮಾತ್ರವಲ್ಲ, ಕಾರು ಆಗ ಯಾರ ವಶದಲ್ಲಿತ್ತೋ ಆ ಮನೆಯವರೂ ಸಿಕ್ಕಿಬೀಳುತ್ತಾರೆ. ಇನ್ಶೂರೆನ್ಸ್ ಕಂಪನಿ ಗಾಯಾಳುವಿಗೆ ಮೊದಲು ಕಟ್ಟಿದರೂ, ಆಮೇಲೆ ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಲು ಕೋರ್ಟುಗಳು ಬಿಡುತ್ತವೆ. ಆಗ ಕೆಲವರು ಹೆಸರು ಬದಲಾಯಿಸುತ್ತಾರೆ. ಓಡಿಸಿದ್ದು ಮಗ, ಬರೆಸುವುದು ಕೆಲಸದವನ ಹೆಸರು. ಇಲ್ಲವೇ ಅದರ ಉಲ್ಟಾ. ಇದು ಮೋಸ. ಕ್ಲೇಮ್ ಹೋಗುತ್ತದೆ, ಬಡವನ ಮೇಲೆ ಕೇಸ್ ಉಳಿಯುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಓಡಿಸಿದವನಿಗೇ ಪೆಟ್ಟಾದರೆ? ಇಳಕಲ್‌ನಿಂದ ಗುಡೂರಿಗೆ ಎರವಲು ಬೈಕಿನಲ್ಲಿ ಹೊರಟವರೊಬ್ಬರು ಎತ್ತಿನಗಾಡಿಗೆ ಗುದ್ದಿ ಸತ್ತ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2009ರಲ್ಲಿ ಕೋರ್ಟ್ ಹೇಳಿದ್ದು, ಎರವಲು ತಂದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತಂತೆ, ಹಾಗಾಗಿ ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರ ಅವರ ಮನೆಯವರಿಗೆ ಸಿಗುವುದಿಲ್ಲ ಅಂತ. ಮಾಲೀಕ ಚಾಲಕರಿಗೆ ಇರುವ 15 ಲಕ್ಷದ ಅಪಘಾತ ವಿಮೆ ಮಾಲೀಕರಿಗೆ ಮಾತ್ರ. ಸಂಬಳದ ಡ್ರೈವರ್‌ಗಾಗಿ ವರ್ಷಕ್ಕೆ 50 ರೂಪಾಯಿ ಜಾಸ್ತಿ ಕಟ್ಟಿ ಸೇರಿಸುವ ರಕ್ಷಣೆಯೊಂದಿದೆ, ಅದೂ ಆ ಕಾರಿನ ಮಾಲೀಕರ ಡ್ರೈವರ್‌ಗೆ. ನೆಂಟರ ಕಾರು ಓಡಿಸಿದ ನಿಮ್ಮ ಮನೆಗೆಲಸದ ಹುಡುಗ ಎರಡರ ನಡುವೆ ಬಿದ್ದುಹೋಗುತ್ತಾನೆ. ಹಾಗಾಗಿ ಎರವಲು ಕಾರಿಗೆ ಮನೆಗೆಲಸದವರನ್ನು ಕೂರಿಸಲೇಬೇಡಿ. ಒಂದು ರಾತ್ರಿಗೆ ಬಾಡಿಗೆ ಟ್ಯಾಕ್ಸಿ ಕರೆಸಿ.

ಯಾರದ್ದಾದರೂ ಸಂಬಳ ಹೀಗೆ ಮುರಿದುಕೊಳ್ಳುತ್ತಿರುವವರು ಇದನ್ನು ಕೇಳುತ್ತಿದ್ದರೆ, ದಯವಿಟ್ಟು ನಿಲ್ಲಿಸಿ. ಇಲ್ಲಿಯವರೆಗೆ ಮುರಿದುಕೊಂಡಿದ್ದನ್ನೂ ನಾಳೆ ಬೆಳಿಗ್ಗೆ ಅವರು ಕೆಲಸಕ್ಕೆ ಬಂದಾಗ ಕೈಗೆ ಕೊಡಿ.