ಗಾಯವಾದ ದಿನದಿಂದಲೇ ಹಕ್ಕು

ಕೇಳುಗರಿಗೆ ನಮಸ್ಕಾರ.

1968ರ ಜುಲೈ ತಿಂಗಳಲ್ಲಿ, ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಕೆಳಗೆ ಬಿದ್ದು ಎಡಗೈ ಕಳೆದುಕೊಂಡರು. ಗಾಯಗೊಂಡ ಕಾರ್ಮಿಕರ ಪರಿಹಾರವನ್ನು ತೀರ್ಮಾನಿಸುವ ಅಧಿಕಾರಿಯಾದ ಪರಿಹಾರ ಆಯುಕ್ತರು ಅವರಿಗೆ 9,800 ರೂಪಾಯಿ ಕೊಡಿಸಿ, ಸಕಾಲದಲ್ಲಿ ಹಣ ಕೊಡದ ಮಾಲೀಕರಿಗೆ ಬಡ್ಡಿಯನ್ನೂ ದಂಡವನ್ನೂ ವಿಧಿಸಿದರು. ಹೋದದ್ದು ಒಂದು ಕೈ ಮಾತ್ರ, ಆದ್ದರಿಂದ ಇದು ಭಾಗಶಃ ಅಂಗವೈಕಲ್ಯ ಎಂಬುದು ಮಾಲೀಕರ ವಾದ. ಮೇಲಾಗಿ ಆಯುಕ್ತರು ಮೊತ್ತ ಗೊತ್ತುಮಾಡುವ ತನಕ ತಾವು ಏನನ್ನೂ ಕೊಡಬೇಕಿರಲಿಲ್ಲ ಎಂದು ವಾದಿಸುತ್ತ ಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1975ರಲ್ಲಿ ನ್ಯಾಯಾಲಯವು ಎರಡು ವಾದಗಳನ್ನೂ ತಳ್ಳಿಹಾಕಿತು. ಒಂದೇ ಕೈಯಲ್ಲಿ ಬಡಗಿಯ ಕೆಲಸ ಸಾಗದಿರುವುದರಿಂದ ಅದು ಪೂರ್ಣ ವೈಕಲ್ಯ. ಪರಿಹಾರ ಕೊಡುವ ಹೊಣೆಯು ಗಾಯವಾದ ಗಳಿಗೆಯಿಂದಲೇ ಮಾಲೀಕರದು.

ಈ ತೀರ್ಪಿನ ಎರಡನೆಯ ಮಾತನ್ನೇ ನಮ್ಮ ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ಹೆಚ್ಚಾಗಿ ಮರೆಯಲಾಗುತ್ತಿದೆ ಎಂಬುದು ನನ್ನ ಕಳವಳ. ಗಾಯಗೊಂಡವರು ಪರಿಹಾರ ಕೇಳಿದರೆ, 'ವಿಮೆ ಮಾಡಿಸಿದ್ದೇವೆ, ಕಂಪನಿಯಿಂದ ಹಣ ಬರಲಿ' ಎಂಬ ಉತ್ತರ ಸಿಗುತ್ತದೆ. ವಿಮೆ ಮಾಡಿಸುವುದು ಒಳ್ಳೆಯದೇ. ಆದರೆ ಆ ಪಾಲಿಸಿ ಮಾಲೀಕರು ತಮ್ಮ ಹೊಣೆಯ ಭಾರ ಹೊರಲು ಮಾಡಿಕೊಂಡ ಏರ್ಪಾಡೇ ಹೊರತು, ಕಾರ್ಮಿಕರನ್ನು ಕಾಯಿಸಲು ಸಿಕ್ಕ ನೆಪವಲ್ಲ. 1923ರ ಪರಿಹಾರ ಕಾಯ್ದೆಯ ಪ್ರಕಾರ, ಒಂದು ತಿಂಗಳೊಳಗೆ ಹಣ ಪಾವತಿಯಾಗದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಸೇರುತ್ತದೆ. ತಕ್ಕ ಕಾರಣವಿಲ್ಲದೆ ತಡಮಾಡಿದ್ದರೆ ಪರಿಹಾರದ ಮೊತ್ತದ ಶೇಕಡಾ 50ರವರೆಗೆ ದಂಡವನ್ನೂ ಹಾಕಬಹುದು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ವಾಹನ ವಿಮೆಯ ಪ್ರಕರಣವೊಂದರಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್, ಬಡ್ಡಿಯನ್ನು ವಿಮಾ ಕಂಪನಿ ತುಂಬಬಹುದಾದರೂ ದಂಡವನ್ನು ಮಾಲೀಕರು ಸ್ವಂತ ಜೇಬಿನಿಂದಲೇ ಕಟ್ಟಬೇಕು ಎಂದಿತು. ವಿಳಂಬ ಯಾರದೋ ಅವರೇ ಬೆಲೆ ತೆರಬೇಕೆಂಬ ಈ ನಿಲುವು ನನಗೆ ತೀರ ನ್ಯಾಯವಾದದ್ದಾಗಿ ಕಾಣುತ್ತದೆ.

ಸಾವು ಸಂಭವಿಸಿದ ಮನೆಗಳಲ್ಲಿ ಇನ್ನೊಂದು ಅನ್ಯಾಯ ನಡೆಯುತ್ತದೆ. ದುಃಖದ ಆ ದಿನಗಳಲ್ಲೇ ಒಂದಿಷ್ಟು ಹಣ ಕೊಟ್ಟು, ಇನ್ನು ಯಾವ ಬೇಡಿಕೆಯೂ ಇಲ್ಲವೆಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಾನೂನು ಕೊಟ್ಟ ಹಕ್ಕನ್ನು ಬಿಟ್ಟುಕೊಡುವಂತೆ ಮಾಡುವ ಇಂಥ ಒಪ್ಪಂದ ಅಸಿಂಧು. ಮರಣದ ಪರಿಹಾರವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ಮೃತರು ಗುತ್ತಿಗೆದಾರರ ಆಳಾಗಿದ್ದರೂ, ಮೂಲ ಮಾಲೀಕರ ವ್ಯವಹಾರಕ್ಕೆ ಸೇರಿದ ಕೆಲಸದಲ್ಲಿದ್ದರೆ, ಆ ಮಾಲೀಕರಿಂದಲೇ ಪರಿಹಾರ ಕೇಳುವ ಹಕ್ಕು ಕುಟುಂಬಕ್ಕಿದೆ. ಇ.ಎಸ್.ಐ. ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯ ಕಾರ್ಮಿಕರ ದಾರಿ ಬೇರೆ: ಅವರ ಅವಲಂಬಿತರಿಗೆ ಆ ವಿಮಾ ನಿಗಮವೇ ಮಾಸಾಶನ ಕೊಡುತ್ತದೆ. ಅರ್ಜಿ ಸಲ್ಲಿಸಲು ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿರುವುದರಿಂದ, ಆಸ್ಪತ್ರೆಯ ದಾಖಲೆ, ಹಾಜರಿ ಪುಸ್ತಕದ ಪ್ರತಿ, ಸಂಬಳದ ಚೀಟಿ ಇವನ್ನು ಮನೆಯವರು ಮೊದಲ ವಾರದಲ್ಲೇ ಕೂಡಿಹಾಕಿಕೊಳ್ಳಬೇಕೆಂದು ವಿನಂತಿಸುತ್ತೇನೆ.