ಮರದವರು ಮೊದಲು ಮಾತಾಡಬೇಕು

ನಮಸ್ಕಾರ. ಪಕ್ಕದ ಮನೆಯ ಮೇಲೆ ಚಾಚುವ ಕೊಂಬೆಯ ಜಗಳದ ಬಗ್ಗೆ ಮಾತಾಡಲು ಕುಳಿತಿದ್ದೇನೆ. ಈ ಜಗಳದಲ್ಲಿ ನಾನೂ ಮರದವರಲ್ಲಿ ಒಬ್ಬ. ಹಾಗಾಗಿ ನನ್ನ ಮಾತೆಲ್ಲ ಮನೆಯಲ್ಲಿ ಮರ ಇರುವವರಿಗೇ.

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಮಾವಿನ ಮರವಿದೆ, ಅಪ್ಪ ನೆಟ್ಟದ್ದು. ಅದರ ಒಂದು ಕೊಂಬೆ ಗೋಡೆ ದಾಟಿ ಪಕ್ಕದ ಮನೆಯ ತಾರಸಿಯ ಮೇಲೆ ಹರಡಿಕೊಂಡಿತ್ತು. ಎಷ್ಟೋ ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ನೀರಿನ ಟ್ಯಾಂಕ್ ನೋಡಲು ಮೇಲೆ ಹತ್ತಿದಾಗ ಪಕ್ಕದ ಮನೆಯ ಅಜ್ಜಿ ಸಂಡಿಗೆ ಇಡುತ್ತಿದ್ದರು. ಹಳೆಯ ಸೀರೆ ಹಾಸಿ ಸಾಲಾಗಿ ಇಟ್ಟಿದ್ದರು. ನಮ್ಮ ಕೊಂಬೆಯ ನೆರಳು ಸರಿದಂತೆಲ್ಲ ಸೀರೆಯ ಎರಡು ತುದಿ ಹಿಡಿದು ಬಿಸಿಲಿಗೆ ಎಳೆದುಕೊಳ್ಳುತ್ತಿದ್ದರು. ಹೂ ಬಿಡುವ ಕಾಲದಲ್ಲಿ ಮಾವಿಗೆ ಜಿಗಿಹುಳು ಬೀಳುತ್ತದೆ, ಅದರಿಂದ ಅಂಟು ತೊಟ್ಟಿಕ್ಕುತ್ತದೆ ಎಂದು ಮಾವು ಬೆಳೆದವರಿಗೆಲ್ಲ ಗೊತ್ತು. ಆ ಅಂಟು ಅವರ ತಾರಸಿಯ ನೆಲದ ಮೇಲೆಲ್ಲ ಇತ್ತು, ಅದರ ಮೇಲೆ ಕಪ್ಪು ಬೂಷ್ಟು ಕಟ್ಟಿತ್ತು. ನಡೆದರೆ ಅಜ್ಜಿಯ ಚಪ್ಪಲಿ ನೆಲಕ್ಕೆ ಅಂಟಿ ಚರ್ ಚರ್ ಎನ್ನುತ್ತಿತ್ತು. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಎಲೆ ಹೋಗದಂತೆ ತೆಂಗಿನ ನಾರು ತುರುಕಿದ್ದರು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮ್ಮ ಅಪ್ಪ ನೆಟ್ಟ ಮರ ಕಣಪ್ಪಾ, ಕಡಿಸು ಎಂದು ಹೇಗೆ ಹೇಳಲಿ?" ಎಂದರು.

ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಹಣ್ಣು ತಿಂದವರು ನಾವು, ಎಲೆ ಗುಡಿಸಿದವರು ಅವರು. ಅಷ್ಟಾದರೂ ಸಂಕೋಚ ಪಟ್ಟುಕೊಂಡವರೂ ಅವರೇ.

ಅಜ್ಜಿಯಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ವರ್ಷಗಟ್ಟಲೆ ನುಂಗಿಕೊಂಡವರು ಒಂದು ದಿನ ಬಾಯಿ ಬಿಟ್ಟಾಗ ಮಾತಿನ ಬದಲು ಬೈಗುಳ ಬರುತ್ತದೆ. ಕೆಲವರು ಬಾಯಿಯನ್ನೂ ಬಿಡುವುದಿಲ್ಲ. ಬುಡಕ್ಕೆ ಆಸಿಡ್ ಸುರಿದು, ಸುತ್ತಲೂ ತೊಗಟೆ ಸುಲಿದು ಸಾಯಿಸಿದ ಮರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಅಪರಾಧ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಹಂತಕ್ಕೆ ಬರುವ ಮೊದಲು ಮರದವರು ಎಷ್ಟು ಸಲ ಪಕ್ಕದ ಮನೆಯ ಗೇಟು ತಟ್ಟಿದ್ದರು ಎಂಬುದನ್ನೂ ಕೇಳಲೇಬೇಕು.

ಕಾನೂನು ಏನು ಹೇಳುತ್ತದೆ? 1894ರಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಲೆಮನ್ ಮತ್ತು ವೆಬ್ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: ಗಡಿ ದಾಟಿ ಬಂದ ಕೊಂಬೆಯನ್ನು ಪಕ್ಕದವರು ತಮ್ಮ ಜಾಗದಲ್ಲೇ ನಿಂತು ಕತ್ತರಿಸಬಹುದು, ಅದಕ್ಕೆ ಮುಂಚಿತವಾಗಿ ತಿಳಿಸಬೇಕೆಂದೂ ಇಲ್ಲ. ಕೊಂಬೆ ಎಷ್ಟೇ ವರ್ಷದಿಂದ ಚಾಚಿಕೊಂಡಿದ್ದರೂ ಅದು ಮರದವರ ಹಕ್ಕಾಗುವುದಿಲ್ಲ. ಆದರೆ ಆ ಕೊಂಬೆಯ ಹಣ್ಣು ಮಾತ್ರ ಮರದವರದೇ ಎಂದು 1919ರಲ್ಲಿ ಇಂಗ್ಲೆಂಡಿನದೇ ಇನ್ನೊಂದು ತೀರ್ಪು ಬಂತು. ಜರ್ಮನಿಯ ನಾಗರಿಕ ಸಂಹಿತೆಯ ಪ್ರಕಾರ ಪಕ್ಕದವರ ಜಾಗದಲ್ಲಿ ತಾನಾಗಿ ಬಿದ್ದ ಹಣ್ಣು ಪಕ್ಕದವರಿಗೆ ಸೇರುತ್ತದೆ. ನನಗೆ ಇದೇ ನ್ಯಾಯ ಎನಿಸುತ್ತದೆ. ಎಲೆ ಯಾರ ಅಂಗಳಕ್ಕೆ ಬೀಳುತ್ತದೋ ಹಣ್ಣೂ ಅವರಿಗೆ ಸಲ್ಲಲಿ. ಜಪಾನಿನಲ್ಲಿ 2023ರವರೆಗೆ ಗಡಿ ದಾಟಿದ ಬೇರನ್ನು ಪಕ್ಕದವರು ಕತ್ತರಿಸಬಹುದಿತ್ತು, ಕೊಂಬೆಯನ್ನು ಮುಟ್ಟುವಂತಿರಲಿಲ್ಲ. ಆ ವರ್ಷ ಕಾನೂನು ಬದಲಾಯಿತು. ಈಗ ಮರದವರಿಗೆ ತಿಳಿಸಿ, ಸಾಕಷ್ಟು ಕಾಲ ಕೊಟ್ಟರೂ ಅವರು ಕಡಿಸದಿದ್ದರೆ ಪಕ್ಕದವರೇ ಕತ್ತರಿಸಬಹುದು.

ನಮ್ಮಲ್ಲಿ ಬೀಳುವ ಸ್ಥಿತಿಯಲ್ಲಿರುವ ಮರದಿಂದ ನೆರೆಯವರ ಜೀವಕ್ಕೆ ಅಪಾಯವಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ (ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್) ದೂರು ಕೊಡಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಂ ಇತ್ತು, 2024ರ ಜುಲೈನಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಂ ಇದೆ. ಮರವನ್ನೇ ಕಡಿಯಬೇಕಾದರೆ ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗಿನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ದೊಡ್ಡ ಕೊಂಬೆಗೆ ಕೈ ಹಚ್ಚುವ ಮೊದಲೂ ಅರಣ್ಯ ವಿಭಾಗದಲ್ಲಿ ಒಂದು ಮಾತು ಕೇಳಿಕೊಳ್ಳುವುದು ಕ್ಷೇಮ.

ಚಾಚಿದ ಕೊಂಬೆಯ ಈ ಕಾನೂನುಗಳೆಲ್ಲ ನೊಂದವರೇ ಮೊದಲ ಹೆಜ್ಜೆ ಇಡಬೇಕು ಎಂದುಕೊಂಡಿವೆ. ನನ್ನ ತಕರಾರು ಅಲ್ಲಿಯೇ. 30 ಅಡಿ ಅಗಲದ ಸೈಟಿನಲ್ಲಿ ಮಾವು, ಹಲಸು ನೆಟ್ಟರೆ ಅದು ಪಕ್ಕದವರ ಆಕಾಶಕ್ಕೆ ಹೋಗಿಯೇ ಹೋಗುತ್ತದೆ. ನೆಟ್ಟ ದಿನವೇ ನಮಗೆ ಅದು ಗೊತ್ತಿರುತ್ತದೆ. ಹಾಗಿರುವಾಗ ಕೇಳುವ ಹೊಣೆಯೂ ನಮ್ಮದೇ. ನುಗ್ಗೆ ಮರದವರಂತೂ ಇದನ್ನು ಕಿವಿಗೊಟ್ಟು ಕೇಳಬೇಕು. ಕಂಬಳಿ ಹುಳು ಗೊಂಚಲು ಗೊಂಚಲಾಗಿ ಗೋಡೆ ಹತ್ತಿ ಪಕ್ಕದ ಮನೆಗೆ ಇಳಿದರೆ, ಅಲ್ಲಿಯ ಮಕ್ಕಳು ಮೈ ಕೆರೆದುಕೊಂಡು ರಾತ್ರಿಯೆಲ್ಲ ಅಳುತ್ತಾರೆ. ನುಗ್ಗೆಯನ್ನು ಸವರಿದರೆ ಮತ್ತೆ ಚಿಗುರುತ್ತದೆ. ಅದನ್ನು ಸವರಿಸದೆ ಬಿಡುವುದಕ್ಕೆ ಯಾವ ನೆಪವೂ ಇಲ್ಲ.

ಕಡಿಯುವ ರೀತಿಯನ್ನೂ ಹೇಳಬೇಕು, ಏಕೆಂದರೆ ಅವಸರದ ಕತ್ತಿಯಿಂದ ಮರವೇ ಹಾಳಾಗುತ್ತದೆ. ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೂ ಸೀಳಿಕೊಂಡು ಬೀಳುತ್ತದೆ. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಗರಗಸ ಹಾಕಬೇಕು. ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಉಬ್ಬಿಕೊಂಡಿರುವ ಬಳೆಯಂಥ ಭಾಗವನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಒಂದೇ ಬದಿಯ ಕೊಂಬೆಗಳನ್ನೆಲ್ಲ ತೆಗೆಯಬಾರದು. ಭಾರ ಇನ್ನೊಂದು ಬದಿಗೆ ವಾಲಿದ ಮರ ಮುಂಗಾರಿನ ಮುಂಚಿನ ಗಾಳಿಗೆ ನಮ್ಮ ಮನೆಯ ಮೇಲೆಯೇ ಬಿದ್ದೀತು.

ನಾನು ಮಾಡಿದ್ದು ಇಷ್ಟೇ. ಕಾಯಿ ಇಳಿಸಿದ ವಾರ ಒಂದು ಬುಟ್ಟಿ ಮಾವು ಹಿಡಿದುಕೊಂಡು ಅಜ್ಜಿಯ ಮನೆಗೆ ಹೋದೆ. ಯಾವ ಕೊಂಬೆ ತೆಗೆಸಲಿ, ನೀವೇ ತೋರಿಸಿ ಎಂದೆ. ಕೂಲಿ ನಮ್ಮದು, ಗುಡಿಸುವ ಕೆಲಸವೂ ನಮ್ಮದು ಎಂದು ಮೊದಲೇ ಹೇಳಿದ್ದೆ. ಅಂದಿನಿಂದ ಪ್ರತಿ ವರ್ಷವೂ ಹೋಗುತ್ತಿದ್ದೇನೆ.

ಮೊದಲ ವರ್ಷ ಮರ ಹತ್ತುವವನು ತಾರಸಿಯ ಮೇಲಿದ್ದ ದಪ್ಪ ಕೊಂಬೆಯನ್ನು ಇಳಿಸಿ, ಪಕ್ಕದ ಸಣ್ಣದಕ್ಕೂ ಗರಗಸ ಇಟ್ಟಾಗ ಅಜ್ಜಿ ಕೆಳಗಿನಿಂದ ಕೂಗಿದರು. "ಅದೊಂದು ಇರಲಿ ಕಣಪ್ಪಾ. ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದರದೇ ನೆರಳು."