ಒಂದು ಕಲ್ಲಿಗಾಗಿ ಮೂರು ರಾಜ್ಯಗಳ ಜಗಳ: ಆರ್ನೋರ್ ಬಿದ್ದಿದ್ದು ಹೇಗೆ?

‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ನಾಯಕ ಫ್ರೋಡೋಗೆ ಚೂರಿಯಿಂದ ಇರಿದ ಗುಡ್ಡ ನೆನಪಿದೆಯಾ? ವೆದರ್‌ಟಾಪ್. ಅದರ ನೆತ್ತಿಯ ಮೇಲೆ ಪಾಳು ಗೋಡೆಗಳಿವೆ. ಅಲ್ಲಿ ಮೊದಲು ಏನಿತ್ತು, ಯಾರು ಕೆಡವಿದರು ಅಂತ ತುಂಬಾ ಜನ ಕೇಳಿದ್ದೀರಿ. ಬನ್ನಿ, ನೋಡೋಣ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಲೇಖಕ ಟೋಲ್ಕೀನ್ ಅವರ ಕಾಲ್ಪನಿಕ ಲೋಕ ಮಿಡ್ಲ್ ಅರ್ಥ್‌ನಲ್ಲಿ ಉತ್ತರಕ್ಕೆ ಆರ್ನೋರ್ ರಾಜ್ಯ, ದಕ್ಷಿಣಕ್ಕೆ ಗೊಂಡೋರ್ ರಾಜ್ಯ. ಮೂರನೇ ಯುಗದ 861ರಲ್ಲಿ ಆರ್ನೋರ್‌ನ ರಾಜ ಸತ್ತ. ಅವನ ಮೂವರು ಗಂಡುಮಕ್ಕಳಿಗೆ ಹೊಂದಿಕೆಯಾಗಲಿಲ್ಲ. ರಾಜ್ಯ ಮೂರು ಪಾಲಾಯಿತು: ಆರ್ಥೆಡೈನ್, ಕಾರ್ಡೋಲನ್, ರೂಡೌರ್.

(ತೆರೆಯ ಮೇಲೆ ನಕ್ಷೆ)

ಈಗ ನನಗೆ ಬಹಳ ಇಷ್ಟವಾದ ಭಾಗ. ಮೂರೂ ರಾಜ್ಯಗಳ ಗಡಿಯ ಮೇಲೇ ಇರುವ ಈ ಗುಡ್ಡ ನೋಡಿ, ಇದೇ ವೆದರ್‌ಟಾಪ್. ಆಗ ಇದರ ಹೆಸರು ಅಮೋನ್ ಸೂಲ್. ಮೇಲೊಂದು ಎತ್ತರದ ಗೋಪುರ, ಅದರೊಳಗೆ ಒಂದು ಪಲಾಂಟಿರ್. ದೂರದ್ದನ್ನು ತೋರಿಸುವ ಕಲ್ಲು ಅದು. ಇನ್ನೊಂದು ಕಲ್ಲಿನ ಮುಂದೆ ಕೂತವರ ಜೊತೆ ಮನಸ್ಸಿನಲ್ಲೇ ಮಾತಾಡಬಹುದು. ಉತ್ತರದಲ್ಲಿ ಇಂಥ ಕಲ್ಲು ಮೂರೇ ಇದ್ದವು. ಬೇರೆ ಎರಡೂ ಆರ್ಥೆಡೈನ್ ಕೈಯಲ್ಲಿ. ಅದರಲ್ಲೂ ಒಂದು ಪಶ್ಚಿಮದ ಸಮುದ್ರದ ಕಡೆ ಬಿಟ್ಟು ಬೇರೇನನ್ನೂ ತೋರಿಸುತ್ತಿರಲಿಲ್ಲ. ಅಮೋನ್ ಸೂಲ್‌ನದ್ದೇ ಮುಖ್ಯವಾದ ಕಲ್ಲು. ಜಮೀನು ಪಾಲಾದಾಗ ಇದ್ದಬದ್ದ ಬಾವಿಗಳೆಲ್ಲ ಅಣ್ಣನಿಗೇ ಹೋಗಿ, ಒಳ್ಳೆ ನೀರಿನ ಬಾವಿ ಮಾತ್ರ ಬದುವಿನ ಮೇಲೆ ಉಳಿದರೆ ತಮ್ಮಂದಿರು ಸುಮ್ನೆ ಇರುತ್ತಾರಾ? ಕಾರ್ಡೋಲನ್‌ಗೂ ಅದು ಬೇಕು, ರೂಡೌರ್‌ಗೂ ಬೇಕು.

ಅಂಗ್ಮಾರ್‌ನಲ್ಲಿ (ಉತ್ತರದ ಶತ್ರು ರಾಜ್ಯ) ವಿಚ್ ಕಿಂಗ್ ಎಂಬ ಮಾಂತ್ರಿಕ ರಾಜ ತಲೆ ಎತ್ತಿದ್ದು ಸುಮಾರು 1300ರಲ್ಲಿ. ಅಂದರೆ ರಾಜ್ಯ ಒಡೆದು 400 ವರ್ಷ ದಾಟಿದ ಮೇಲೆ! ಹಾಗಾಗಿ ಆರ್ನೋರ್ ಅನ್ನು ಅವನೊಬ್ಬನೇ ಕೆಡವಿದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವನು ಬಂದಿದ್ದು ಬಿರುಕು ಬಿಟ್ಟ ಮನೆಗೆ. 1349ರಲ್ಲಿ ಆರ್ಥೆಡೈನ್‌ನ ರಾಜ ಅರ್ಗೆಲೆಬ್, ಆರ್ನೋರ್‌ನ ಹಳೆಯ ರಾಜ ಇಸಿಲ್ಡುರ್‌ನ ವಂಶ ಉಳಿದಿರುವುದು ನಮ್ಮಲ್ಲಿ ಮಾತ್ರ, ಇಡೀ ಆರ್ನೋರ್ ನನ್ನದು ಎಂದ. ರೂಡೌರ್ ಒಪ್ಪಲಿಲ್ಲ. ಅಲ್ಲಿ ಅಧಿಕಾರ ಹಿಡಿದಿದ್ದವನು ಒಳಗೊಳಗೇ ಅಂಗ್ಮಾರ್ ಜೊತೆ ಸೇರಿಕೊಂಡಿದ್ದ. 1356ರ ಯುದ್ಧದಲ್ಲಿ ಅರ್ಗೆಲೆಬ್ ಸತ್ತ. 1409ರಲ್ಲಿ ಅಂಗ್ಮಾರ್‌ನ ಸೇನೆ ಗೋಪುರವನ್ನು ಸುಟ್ಟು ನೆಲಸಮ ಮಾಡಿತು. 3018ರಲ್ಲಿ ಅದೇ ಗುಡ್ಡದ ಮೇಲೆ ಫ್ರೋಡೋಗೆ ಇರಿದವನೂ ಇದೇ ವಿಚ್ ಕಿಂಗ್!

ಕಲ್ಲನ್ನು ಮಾತ್ರ ಹೇಗೋ ಉಳಿಸಿಕೊಂಡು ಆರ್ಥೆಡೈನ್‌ನ ಮುಖ್ಯ ನಗರ ಫೋರ್ನೋಸ್ಟ್‌ಗೆ ಒಯ್ದರು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. 1636ರ ಮಹಾಮಾರಿಗೆ ಕಾರ್ಡೋಲನ್‌ನಲ್ಲಿ ಅಳಿದುಳಿದವರೂ ಹೋದರು. 1944ರಲ್ಲಿ ಗೊಂಡೋರ್‌ನ ರಾಜ, ಅವನ ಇಬ್ಬರು ಗಂಡುಮಕ್ಕಳು ಯುದ್ಧದಲ್ಲಿ ಸತ್ತರು. ಆರ್ಥೆಡೈನ್‌ನ ಅರ್ವೆಡುಯಿ ಆ ರಾಜನ ಅಳಿಯ, ಇಸಿಲ್ಡುರ್ ವಂಶದವನು ಕೂಡ. ಸಿಂಹಾಸನ ಕೇಳಿದ. ಗೊಂಡೋರ್ ಕೊಡಲಿಲ್ಲ. ಕೊಟ್ಟಿದ್ದರೆ ಎರಡು ರಾಜ್ಯಗಳೂ ಒಂದಾಗುತ್ತಿದ್ದವು. ಇದು ನನಗೆ ಇವತ್ತಿಗೂ ಸಂಕಟ ಕೊಡುವ ತಿರುವು. 1974ರಲ್ಲಿ ಫೋರ್ನೋಸ್ಟ್ ಬಿತ್ತು. ಮರುವರ್ಷ ಅರ್ವೆಡುಯಿಯ ಹಡಗು ಉತ್ತರದ ಕೊಲ್ಲಿ ಫೊರೊಖೆಲ್‌ನ ಹಿಮದಲ್ಲಿ ಮುಳುಗಿತು. ಆ ಮುಖ್ಯ ಕಲ್ಲೂ ಅದರಲ್ಲೇ ಇತ್ತು.

ಗೊಂಡೋರ್‌ನ ಸೇನೆ ಕೊನೆಗೂ ಬಂದು, ಎಲ್ಫ್‌ಗಳ ಜೊತೆ ಸೇರಿ ಅಂಗ್ಮಾರ್ ಅನ್ನು ಸೋಲಿಸಿತು. ಆದರೆ ಆಳೋಕೆ ರಾಜ್ಯವೇ ಉಳಿದಿರಲಿಲ್ಲ. ಅರ್ವೆಡುಯಿಯ ಮಗ ಅರನಾರ್ಥ್ ರಾಜ ಅನ್ನಿಸಿಕೊಳ್ಳಲಿಲ್ಲ, ತನ್ನ ಜನರ ನಾಯಕ ಅಷ್ಟೇ ಆದ. ಅವನಿಂದ ಎಣಿಸುತ್ತಾ ಬಂದರೆ 16ನೇ ನಾಯಕ, ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಫ್ರೋಡೋ ಜೊತೆ ಬರುವ ಅರಗಾರ್ನ್.